'ಇಂಡಿಯನ್ ಫಾರೆಸ್ಟರ್' ಪತ್ರಿಕೆಯ ಸಂಶೋಧನಾ ಪ್ರಭಾವ: ಒಂದು ಐತಿಹಾಸಿಕ ವಿವೇಚನೆ

ವೈಜ್ಞಾನಿಕ ಪತ್ರಿಕೆಯೊಂದು ತನ್ನ ಶಾಸ್ತ್ರದ ಮೇಲೆ ಬೀರಿದ ಪ್ರಭಾವವನ್ನು ಅಳೆಯುವ ಬಗೆ ಯಾವುದೆಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಪಂಡಿತರ ಕುತೂಹಲಕ್ಕಷ್ಟೇ ಸೇರಿದ ವಿಷಯವಾಗಿ ಉಳಿದಿಲ್ಲ. ಅಧ್ಯಾಪಕರ ಬಡ್ತಿ, ಗ್ರಂಥಾಲಯಗಳ ಚಂದಾ, ಸಂಶೋಧನೆಗೆ ದೊರೆಯುವ ಧನಸಹಾಯ ಮೊದಲಾದವುಗಳ ನಿರ್ಣಯದಲ್ಲಿ ಒಂದು ಅಂಕಿ ಪ್ರವೇಶ ಪಡೆದಿದೆ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದು ಪ್ರಸಿದ್ಧವಾದ ಈ ಅಂಕಿಯನ್ನು ಇಲ್ಲಿ ಪ್ರಭಾವಾಂಕವೆಂದು ಕರೆಯೋಣ. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳನ್ನು ಈ ವರ್ಷದ ಬರಹಗಳು ಒಟ್ಟು ಎಷ್ಟು ಬಾರಿ ಉಲ್ಲೇಖಿಸಿವೆಯೆಂದು ಎಣಿಸಿ, ಆ ಮೊತ್ತವನ್ನು ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಲಬ್ಧವೇ ಅದು.

ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಒಂದು ಸಂದೇಹ ಹುಟ್ಟುವುದು ಸಹಜ. ಈ ಎರಡು ವರ್ಷಗಳ ಗಡುವು ಎಲ್ಲಿಂದ ಬಂತು? ಎಪ್ಪತ್ತು ಎಂಬತ್ತು ವರ್ಷ ಬೆಳೆಸಿ ಕಡಿಯತಕ್ಕ ಮರದ ವಿಷಯವಾಗಿ ಬರೆದ ಲೇಖನವನ್ನೂ ಪ್ರಯೋಗಶಾಲೆಯಲ್ಲಿ ಒಂದು ವಾರದಲ್ಲಿ ಮುಗಿಯುವ ಪರೀಕ್ಷೆಯ ಲೇಖನವನ್ನೂ ಒಂದೇ ಕೊಳಗದಿಂದ ಅಳೆಯಬಹುದೆ? ಭಾರತದ ಅರಣ್ಯಶಾಸ್ತ್ರದ ಅತ್ಯಂತ ಹಳೆಯ ಪತ್ರಿಕೆಯಾದ 'ದಿ ಇಂಡಿಯನ್ ಫಾರೆಸ್ಟರ್' ಈ ಪ್ರಶ್ನೆಯನ್ನು ಪರಿಶೀಲಿಸಲು ಉತ್ತಮವಾದ ನಿದರ್ಶನವೆಂದು ಈ ಲೇಖಕನ ಭಾವನೆ.

ಅಳತೆಗೋಲಿನ ಚರಿತ್ರೆಯನ್ನು ಮೊದಲು ಸಂಕ್ಷೇಪವಾಗಿ ಹೇಳಿಬಿಡಬಹುದು. ೧೯೨೭ರಲ್ಲಿ ಅಮೆರಿಕದ ಗ್ರಾಸ್ ಎಂಬ ಹೆಸರಿನ ಇಬ್ಬರು ಲೇಖಕರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದರು. ಸಣ್ಣ ಕಾಲೇಜೊಂದರ ಗ್ರಂಥಾಲಯ ರಸಾಯನಶಾಸ್ತ್ರದ ಯಾವ ಪತ್ರಿಕೆಗಳನ್ನು ತರಿಸಬೇಕೆಂಬುದು ಅವರ ಸಮಸ್ಯೆ. ಹಣ ಸ್ವಲ್ಪ, ಪತ್ರಿಕೆಗಳು ಬಹಳ. ಆದುದರಿಂದ ಯಾವ ಪತ್ರಿಕೆ ಹೆಚ್ಚು ಉಲ್ಲೇಖಗೊಂಡಿದೆಯೆಂದು ಎಣಿಸಿ ಆಯ್ಕೆ ಮಾಡುವುದು ಅವರು ಸೂಚಿಸಿದ ಉಪಾಯ. ನಮ್ಮ ಕಾಲೇಜುಗಳ ಗ್ರಂಥಪಾಲಕರಿಗೂ ಈ ಸಂಕಟ ಅಪರಿಚಿತವಲ್ಲ. ಯೂಜೀನ್ ಗಾರ್ಫೀಲ್ಡ್ ಎಂಬಾತನು ೧೯೫೫ರಲ್ಲಿ ಇದೇ ಮಾರ್ಗವನ್ನು ಸಮಗ್ರ ವಿಜ್ಞಾನಕ್ಕೆ ವಿಸ್ತರಿಸುವ ಸಲಹೆಯನ್ನು ಮುಂದಿಟ್ಟನು. ೧೯೬೪ರಲ್ಲಿ ಆತನ ಉಲ್ಲೇಖಸೂಚಿ ಹೊರಬಂದಿತು. ೧೯೭೫ರಿಂದ ಪತ್ರಿಕೆಗಳ ಪ್ರಭಾವಾಂಕಗಳು ಕ್ರಮವಾಗಿ ಅಚ್ಚಾಗತೊಡಗಿದವು. ಜೀವರಸಾಯನದಂಥ ವೇಗವಾಗಿ ಸಾಗುವ ಶಾಸ್ತ್ರಗಳಲ್ಲಿ ಹೊಸ ಲೇಖನಕ್ಕೆ ಮೊದಲ ಒಂದೆರಡು ವರ್ಷಗಳಲ್ಲೇ ಉಲ್ಲೇಖಗಳು ದಟ್ಟವಾಗಿ ಬರುವುದರಿಂದ ಎರಡು ವರ್ಷಗಳ ಗಡುವು ಅಲ್ಲಿಗೆ ಹೊಂದಿತು. ಅದು ಎಲ್ಲ ಶಾಸ್ತ್ರಗಳಿಗೂ ಹೊಂದೀತೆಂದು ಯಾರೂ ಸಿದ್ಧಪಡಿಸಿ ತೋರಿಸಿದ್ದಿಲ್ಲ.

ಪ್ರಭಾವಾಂಕ ಅಚ್ಚಾದ ೧೯೭೫ನೆಯ ಇಸವಿಗೆ ನಮ್ಮ ಪತ್ರಿಕೆಗೆ ನೂರು ವರ್ಷ ತುಂಬಿತ್ತು. ಅದು ಹುಟ್ಟಿದ ಸಂದರ್ಭವನ್ನು ಅರಿಯಬೇಕಾದರೆ ಅರಣ್ಯ ಇಲಾಖೆಯ ಆರಂಭಕ್ಕೆ ಹೋಗಬೇಕು. ಜರ್ಮನಿಯ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್ ೧೮೫೬ರಲ್ಲಿ ಬರ್ಮದ ಪೆಗು ಪ್ರಾಂತದ ತೇಗದ ಕಾಡುಗಳ ಮೇಲ್ವಿಚಾರಕನಾಗಿ ಬಂದು, ೧೮೬೪ರಲ್ಲಿ ಇಡೀ ಬ್ರಿಟಿಷ್ ಭಾರತದ ಅರಣ್ಯಗಳ ಪ್ರಥಮ ಇನ್ಸ್‌ಪೆಕ್ಟರ್ ಜನರಲ್ ಆದನು. ಆತನ ಕೈಕೆಳಗೆ ಸೇರಿದ ಅಧಿಕಾರಿಗಳು ನೂರಾರು ಮೈಲಿಗಳ ಅಂತರದಲ್ಲಿ ಒಂಟಿಯಾಗಿ ಕೆಲಸ ಮಾಡುತ್ತಿದ್ದರು. ಒಬ್ಬನು ಬರ್ಮದಲ್ಲಿ ಕಂಡುಕೊಂಡ ಸಂಗತಿ ಮಲಬಾರಿನಲ್ಲಿದ್ದವನಿಗೆ ತಿಳಿಯುವ ಮಾರ್ಗವಿರಲಿಲ್ಲ. ಯುರೋಪಿನ ಪಠ್ಯಗ್ರಂಥಗಳಲ್ಲಿ ತೇಗವೂ ಇಲ್ಲ, ಸಾಲವೃಕ್ಷವೂ ಇಲ್ಲ, ಮುಂಗಾರು ಮಳೆಯೂ ಇಲ್ಲ. ೧೮೭೪ರ ಜನವರಿಯಲ್ಲಿ ಅಲಹಾಬಾದಿನಲ್ಲಿ ಅರಣ್ಯಾಧಿಕಾರಿಗಳ ಸಮ್ಮೇಳನವೊಂದು ಸೇರಿತು. ಮರುವರ್ಷವೇ, ೧೮೭೫ರಲ್ಲಿ, ವಿಲಿಯಂ ಷ್ಲಿಚ್ ಎಂಬ ಮತ್ತೊಬ್ಬ ಜರ್ಮನ್ ಅಧಿಕಾರಿಯ ಸಂಪಾದಕತ್ವದಲ್ಲಿ 'ಇಂಡಿಯನ್ ಫಾರೆಸ್ಟರ್' ತ್ರೈಮಾಸಿಕವಾಗಿ ಹೊರಟಿತು. ಬ್ರಾಂಡಿಸನ ತರುವಾಯ ಇನ್ಸ್‌ಪೆಕ್ಟರ್ ಜನರಲ್ ಪದವಿಗೇರಿದವನೂ, ಮುಂದೆ ಆಕ್ಸ್‌ಫರ್ಡಿನಲ್ಲಿ ಅರಣ್ಯಶಾಸ್ತ್ರವನ್ನು ಬೋಧಿಸಿದವನೂ ಈತನೇ. ಪತ್ರಿಕೆ ಕ್ರಮೇಣ ಮಾಸಿಕವಾಯಿತು. ಡೆಹ್ರಾಡೂನಿನಿಂದ ಇಂದಿಗೂ ಪ್ರಕಟವಾಗುತ್ತಿದೆ.

ಹಳೆಯ ಸಂಪುಟಗಳನ್ನು ತೆರೆದು ನೋಡುವವರಿಗೆ ಅವು ಇಂದಿನ ಅರ್ಥದ ಸಂಶೋಧನಾ ಪತ್ರಿಕೆಗಳಂತೆ ಕಾಣುವುದಿಲ್ಲ. ಬೀಜ ಮೊಳೆಯುವ ಬಗೆಯನ್ನು ಕುರಿತ ಗಂಭೀರ ಲೇಖನದ ಪಕ್ಕದಲ್ಲೇ ಮರದ ಮಾರುಕಟ್ಟೆಯ ಧಾರಣೆ, ಬೇಟೆಯ ವೃತ್ತಾಂತ, ಸರ್ಕಾರಿ ಸುತ್ತೋಲೆ, ಅಧಿಕಾರಿಗಳ ವರ್ಗಾವಣೆಯ ಸುದ್ದಿ, ಗುಪ್ತನಾಮದಲ್ಲಿ ಬರೆದ ಮುನಿಸಿನ ಪತ್ರ ಇವೆಲ್ಲ ಬೆರೆತಿವೆ. ಪಾಂಡಿತ್ಯದ ದೃಷ್ಟಿಯಿಂದ ಇದನ್ನು ದೋಷವೆಂದು ಎಣಿಸುವವರುಂಟು. ಆದರೆ ಈ ಗೊಂದಲದಲ್ಲಿಯೇ ಪತ್ರಿಕೆಯ ಬಲವಿತ್ತೆಂದು ನನಗೆ ತೋರುತ್ತದೆ; ಮೇಲಧಿಕಾರಿಗೆ ಕಳುಹಿಸುವ ವರದಿಯಲ್ಲಿ ಬರೆಯಲಾಗದ ಮಾತನ್ನು ಇಲ್ಲಿ ಬರೆಯಬಹುದಾಗಿತ್ತು. ಬೆಂಕಿಯ ವಿಷಯವಾಗಿ ನಡೆದ ದೀರ್ಘ ವಾದದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಆ ಕಾಲದ ಅರಣ್ಯ ಇಲಾಖೆಗೆ ಕಾಡಿನ ಬೆಂಕಿಯನ್ನು ತಡೆಯುವುದು ಕೇವಲ ಒಂದು ಕರ್ತವ್ಯವಾಗಿರಲಿಲ್ಲ, ಮತಸಿದ್ಧಾಂತವೇ ಆಗಿತ್ತು. ೧೮೬೦ರ ದಶಕದಲ್ಲಿ ಮಧ್ಯಪ್ರಾಂತದ ಬೋರಿ ಅರಣ್ಯದಲ್ಲಿ ಕರ್ನಲ್ ಪಿಯರ್ಸನ್ ಬೆಂಕಿರೇಖೆಗಳನ್ನು ಕಡಿಸಿ ಕಾಡನ್ನು ಉರಿಯದಂತೆ ಕಾಪಾಡಿ ತೋರಿಸಿದನು. ಅಲ್ಲಿಂದ ಮುಂದೆ ಪ್ರಾಂತಪ್ರಾಂತಗಳಲ್ಲಿಯೂ ರಕ್ಷಿತವಾದ ಚದರ ಮೈಲಿಗಳ ಸಂಖ್ಯೆ ವಾರ್ಷಿಕ ವರದಿಗಳ ಅಲಂಕಾರವಾಯಿತು. ಯುರೋಪಿನ ಶಿಕ್ಷಣ ಪಡೆದವರಿಗೆ ಬೆಂಕಿಯೆಂದರೆ ನಾಶ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿಯಿಡುವ ಹಳ್ಳಿಗನೆಂದರೆ ಅಪರಾಧಿ. ೧೮೭೮ರ ಅರಣ್ಯ ಕಾಯಿದೆ ಈ ಭಾವನೆಗೆ ದಂಡನೆಯ ಬಲವನ್ನೂ ಒದಗಿಸಿತು.

ಬರ್ಮದ ಅಧಿಕಾರಿ ಎಚ್. ಸ್ಲೇಡ್ ೧೮೯೬ರಲ್ಲಿ 'ಇಂಡಿಯನ್ ಫಾರೆಸ್ಟರ್'ನಲ್ಲಿ ಐದು ಪುಟಗಳ ಒಂದು ಲೇಖನ ಬರೆದನು. ಬರ್ಮದಲ್ಲಿ ಬೆಂಕಿರಕ್ಷಣೆ ಅತಿಯಾಗಿದೆಯೆಂಬ ಅಭಿಪ್ರಾಯವನ್ನು ಅದರ ಶೀರ್ಷಿಕೆಯೇ ಸಾರುತ್ತಿತ್ತು. ಆತನ ವಾದದ ತಿರುಳು ಹೀಗಿದೆ. ತೇಗ ಬಿಸಿಲನ್ನು ಬಯಸುವ ಮರ. ಅದರ ಕಾಯಿಯ ಸಿಪ್ಪೆ ಗಟ್ಟಿ. ತೇವಪ್ರದೇಶದ ಕಾಡಿನಲ್ಲಿ ಬೆಂಕಿಯನ್ನು ಪೂರ್ಣವಾಗಿ ತಡೆದರೆ ಬಿದಿರೂ ನಿತ್ಯಹರಿದ್ವರ್ಣದ ಪೊದೆಗಳೂ ದಟ್ಟವಾಗಿ ಬೆಳೆದು ನೆಲಕ್ಕೆ ಬೆಳಕು ಬೀಳದಂತಾಗುತ್ತದೆ. ಆಗ ಹಳೆಯ ತೇಗದ ಮರಗಳು ಸುರಕ್ಷಿತವಾಗಿ ನಿಂತಿರುತ್ತವೆ. ಅವುಗಳ ಬುಡದಲ್ಲಿ ಸಸಿಗಳೇ ಇರುವುದಿಲ್ಲ. ಇಲಾಖೆ ಯಾವ ಮರವನ್ನು ಉಳಿಸಲು ಹಣ ಸುರಿಯುತ್ತಿತ್ತೋ ಆ ಮರದ ಸಂತತಿಯನ್ನೇ ಅದು ನಿಲ್ಲಿಸುತ್ತಿತ್ತು.

ಈ ಲೇಖನಕ್ಕೆ ಪತ್ರಿಕೆಯ ಪುಟಗಳಲ್ಲಿ ವಿರೋಧವೂ ಬಂದಿತು, ಬೆಂಬಲವೂ ಬಂದಿತು. ೧೯೦೫ರಲ್ಲಿ ಆರ್. ಎಸ್. ಟ್ರೂಪ್ ಇದೇ ವಿಷಯವನ್ನು ಕೈಗೆತ್ತಿಕೊಂಡನು. ಇಲಾಖೆಯ ನೀತಿ ಒಮ್ಮೆಗೇ ಬದಲಾಗಲಿಲ್ಲ. ಬದಲಾಗುವುದು ಸುಲಭವೂ ಆಗಿರಲಿಲ್ಲ. ಮೂವತ್ತು ವರ್ಷಗಳ ವಾರ್ಷಿಕ ವರದಿಗಳು ಯಾವುದನ್ನು ಸಾಧನೆಯೆಂದು ಎಣಿಸಿದ್ದವೋ ಅದನ್ನು ತಪ್ಪೆಂದು ಒಪ್ಪಿಕೊಳ್ಳಬೇಕಾಗಿತ್ತು. ಆದರೂ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಬರ್ಮದ ತೇವಪ್ರದೇಶದ ತೇಗದ ಕಾಡುಗಳಲ್ಲಿ ಬೆಂಕಿರಕ್ಷಣೆಯನ್ನು ಹಂತಹಂತವಾಗಿ ಕೈಬಿಡಲಾಯಿತು. ಬಂಗಾಳ ಮತ್ತು ಅಸ್ಸಾಮಿನ ಸಾಲದ ಕಾಡುಗಳಲ್ಲಿಯೂ ಸಸಿಗಳ ಅಭಾವ ಅದೇ ಬಗೆಯಲ್ಲಿ ಕಾಣಿಸಿಕೊಂಡು, ಮುಂದೆ ಅಧಿಕಾರಿಗಳೇ ನಿಯಮಿತವಾಗಿ ಬೆಂಕಿಯಿಡಿಸುವ ಪದ್ಧತಿ ಬಂದಿತು. ಡೆಹ್ರಾಡೂನಿನ ಸಂಶೋಧನಾ ಸಂಸ್ಥೆ ೧೯೦೬ರಲ್ಲಿ ಸ್ಥಾಪಿತವಾದ ಮೇಲೆ ಆರ್. ಎಸ್. ಹೋಲ್ ಎಂಬಾತನು ಸಾಲದ ಸಸಿಯ ಬೇರಿಗೂ ಮಣ್ಣಿನಲ್ಲಿಯ ಗಾಳಿಗೂ ಇರುವ ಸಂಬಂಧವನ್ನು ಪ್ರಯೋಗಗಳಿಂದ ಶೋಧಿಸಿದನು. ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ಪೂರಣ್ ಸಿಂಗ್ ಪಂಜಾಬಿ ಭಾಷೆಯ ಪ್ರಸಿದ್ಧ ಕವಿಯೂ ಹೌದೆಂಬುದನ್ನು ಪ್ರಾಸಂಗಿಕವಾಗಿ ನೆನೆಯಬಹುದು. ಟ್ರೂಪ್ ೧೯೨೧ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಭಾರತೀಯ ಮರಗಳ ಕೃಷಿಯನ್ನು ಕುರಿತ ಮಹಾಗ್ರಂಥದಲ್ಲಿ ಈ ಪತ್ರಿಕೆಯ ಅರ್ಧ ಶತಮಾನದ ಅನುಭವ ಸಂಗ್ರಹಗೊಂಡಿದೆ.

ಸ್ಲೇಡನ ಲೇಖನದ ಪ್ರಭಾವವನ್ನು ೧೮೯೮ರಲ್ಲಿ, ಎಂದರೆ ಎರಡು ವರ್ಷಗಳ ಗಡುವಿನಲ್ಲಿ, ಅಳೆದಿದ್ದರೆ ಏನು ದೊರೆಯುತ್ತಿತ್ತು? ಕೆಲವು ಪ್ರತ್ಯುತ್ತರಗಳು, ಹಿರಿಯರ ಅಸಮಾಧಾನ, ಇಷ್ಟೆ. ಅದರ ನಿಜವಾದ ಫಲ ಇತರ ಲೇಖನಗಳ ಅಡಿಟಿಪ್ಪಣಿಗಳಲ್ಲಿ ಇರಲೂ ಇಲ್ಲ. ಅರಣ್ಯವಿಭಾಗಗಳ ಕಾರ್ಯಯೋಜನೆಗಳಲ್ಲಿ, ಬೆಂಕಿರೇಖೆಗೆ ಮಂಜೂರಾದ ಹಣ ಕಡಮೆಯಾದ ಲೆಕ್ಕಪತ್ರಗಳಲ್ಲಿ ಅದನ್ನು ಹುಡುಕಬೇಕು. ಅಧಿಕಾರಿಯು ಓದಿದ್ದನ್ನು ಉಲ್ಲೇಖಿಸುವುದಿಲ್ಲ, ಕಾಡಿನಲ್ಲಿ ಮಾಡುತ್ತಾನೆ. ಯಾವ ಉಲ್ಲೇಖಸೂಚಿಯೂ ಇದನ್ನು ಹಿಡಿಯಲಾರದು.

ಶ್ರೀಗಂಧದ ಕತೆ ನಮ್ಮ ನಾಡಿಗೆ ಸಂಬಂಧಿಸಿದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತ. ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದ ಶ್ರೀಗಂಧ ಸರ್ಕಾರದ ಸ್ವತ್ತಾಗಿತ್ತು. ರೈತನ ಹೊಲದ ಬೇಲಿಯಲ್ಲಿ ಬೆಳೆದ ಗಿಡವೂ ಅರಮನೆಯದೇ ಆಗಿತ್ತು. ಗಂಧದ ಮರ ತನ್ನ ಬೇರುಗಳನ್ನು ಪಕ್ಕದ ಗಿಡಗಳ ಬೇರಿಗೆ ಕಚ್ಚಿಸಿ ಆಹಾರ ಹೀರುತ್ತದೆಂಬುದನ್ನು ಕಲ್ಕತ್ತೆಯ ಸಸ್ಯೋದ್ಯಾನದ ಜಾನ್ ಸ್ಕಾಟ್ ೧೮೭೧ರಲ್ಲಿ ಪ್ರಕಟಿಸಿದ್ದನು. ೧೮೯೯ರಲ್ಲಿ ಕೊಡಗಿನ ಫ್ರೇಸರ್‌ಪೇಟೆಯ, ಎಂದರೆ ಇಂದಿನ ಕುಶಾಲನಗರದ, ಸುತ್ತಣ ಕಾಡಿನಲ್ಲಿ ಗಂಧದ ಮರಗಳಿಗೆ ವಿಚಿತ್ರವಾದ ರೋಗವೊಂದು ತಗುಲಿದುದು ಕಂಡುಬಂದಿತು. ಎಲೆಗಳು ವರ್ಷವರ್ಷಕ್ಕೂ ಕಿರಿದಾಗಿ, ಒತ್ತೊತ್ತಾಗಿ, ಮುಳ್ಳಿನಂತೆ ನೆಟ್ಟಗೆ ನಿಲ್ಲುವುದು. ಹೂವು ಕಾಯಿಗಳು ನಿಂತುಹೋಗುವುದು. ಎರಡು ಮೂರು ವರ್ಷಗಳಲ್ಲಿ ಮರ ಒಣಗುವುದು. ಇದಕ್ಕೆ ಸ್ಪೈಕ್ ರೋಗವೆಂದು ಹೆಸರಾಯಿತು. ಕೊಡಗು ಇಂಗ್ಲಿಷರ ನೇರ ಆಳ್ವಿಕೆಯಲ್ಲಿತ್ತು, ಮೈಸೂರು ಮಹಾರಾಜರದಾಗಿತ್ತು. ರೋಗಕ್ಕೆ ಈ ಗಡಿಯ ಅರಿವಿರಲಿಲ್ಲ.

ಮದರಾಸು ಸರ್ಕಾರದ ಸಸ್ಯಶಾಸ್ತ್ರಜ್ಞ ಸಿ. ಎ. ಬಾರ್ಬರ್ ಕೊಡಗಿನ ಈ ರೋಗವನ್ನು ಕುರಿತು ಬರೆದ ವರದಿ ೧೯೦೩ರ 'ಇಂಡಿಯನ್ ಫಾರೆಸ್ಟರ್'ನಲ್ಲಿ ಅಚ್ಚಾಯಿತು. ಅದೇ ಸಂಪುಟದಲ್ಲಿ, ನಿವೃತ್ತನಾಗಿ ಇಪ್ಪತ್ತು ವರ್ಷ ಕಳೆದಿದ್ದ ಬ್ರಾಂಡಿಸ್ ಗಂಧದ ಮರದ ಪೋಷಣೆಯನ್ನು ಕುರಿತು ಬರೆದಿದ್ದಾನೆ. ಅಲ್ಲಿಂದ ನಾಲ್ಕು ದಶಕಗಳ ಕಾಲ ಊಹೆಗಳ ಸರಮಾಲೆಯೇ ಹೊರಟಿತು. ಲಂಟಾನ ಹಬ್ಬಿದುದರಿಂದ ರೋಗ ಬಂತೆಂದು ಕೆಲವರು, ಬೆಂಕಿಯಿಂದಲೆಂದು ಕೆಲವರು. ಮರದೊಳಗಿನ ರಸಸಂಚಾರದ ಸಮತೋಲ ತಪ್ಪಿದುದೇ ಕಾರಣವೆಂದು ಹೋಲ್. ಅಡಕೆಯ ಕೊಳೆರೋಗದ ಸಂಶೋಧನೆಯಿಂದ ಮಲೆನಾಡಿಗೆ ಪರಿಚಿತನಾಗಿದ್ದ, ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್, ರೋಗದ ಟೊಂಗೆಯನ್ನು ಆರೋಗ್ಯವಂತ ಗಿಡಕ್ಕೆ ಕಸಿಮಾಡಿದರೆ ರೋಗ ಹರಡುವುದೆಂದು ೧೯೧೭ರಲ್ಲಿ ಪ್ರಕಟಿಸಿದನು. ಇದು ನಿರ್ಣಾಯಕವಾದ ಹೆಜ್ಜೆ. ಆದರೆ ಅದು ಪ್ರಕಟವಾದದ್ದು ಮೈಸೂರು ಕೃಷಿ ಇಲಾಖೆಯ ಪತ್ರಿಕಾಮಾಲೆಯಲ್ಲಿ, ನಮ್ಮ ಪತ್ರಿಕೆಯಲ್ಲಲ್ಲ. ಪತ್ರಿಕೆಯ ಮಹತ್ತ್ವವನ್ನು ಹೇಳುವ ಉತ್ಸಾಹದಲ್ಲಿ ಇದನ್ನು ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯನವರೂ ಅವರ ಸಹೋದ್ಯೋಗಿಗಳೂ ಅನೇಕ ವರ್ಷ ಈ ರೋಗದ ಬೆನ್ನು ಹತ್ತಿದರು. ಜಿಗಿಹುಳುವಿನ ಜಾತಿಯ ಒಂದು ಕೀಟ ರೋಗವನ್ನು ಒಯ್ಯುವುದೆಂಬ ಪ್ರಯೋಗವನ್ನು ರಂಗಸ್ವಾಮಿ ಮತ್ತು ಗ್ರಿಫಿತ್ ೧೯೪೧ರ 'ಇಂಡಿಯನ್ ಫಾರೆಸ್ಟರ್'ನಲ್ಲಿ ವಿವರಿಸಿದರು. ಕಡೆಗೆ ೧೯೬೯ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಮೂರು ಸಂಶೋಧಕ ತಂಡಗಳು ರೋಗಿಯಾದ ಗಂಧದ ಅಂಗಾಂಶದಲ್ಲಿ ಮೈಕೋಪ್ಲಾಸ್ಮದಂಥ ಜೀವಿಗಳನ್ನು ಕಂಡವು. ಇವನ್ನು ಇಂದು ಫೈಟೋಪ್ಲಾಸ್ಮವೆಂದು ಕರೆಯುತ್ತಾರೆ.

ರೋಗ ಕಾಣಿಸಿಕೊಂಡುದಕ್ಕೂ ರೋಗಾಣು ಕಾಣಿಸಿಕೊಂಡುದಕ್ಕೂ ಎಪ್ಪತ್ತು ವರ್ಷಗಳ ಅಂತರ. ಬಾರ್ಬರನಿಗೆ ಕಾರಣ ತಿಳಿಯಲಿಲ್ಲ, ಮದ್ದೂ ತಿಳಿಯಲಿಲ್ಲ. ಕಂಡದ್ದನ್ನು ಕಂಡಂತೆ ಬರೆದಿಟ್ಟನು. ಮುಂದಿನವರು ತಮ್ಮ ಕಾಲದ ಲಕ್ಷಣಗಳನ್ನು ಹೋಲಿಸಿ ನೋಡಲು ಆ ವರ್ಣನೆ ಆಧಾರವಾಯಿತು. ರೋಗಕ್ಕೆ ಪೂರ್ಣವಾದ ಚಿಕಿತ್ಸೆ ಇಂದಿಗೂ ದೊರೆತಿಲ್ಲವಾದುದರಿಂದ ಆ ವರದಿಯ ಉಪಯೋಗವೂ ಮುಗಿದಿಲ್ಲ.

ಇಷ್ಟು ಹೇಳಿದ ಮೇಲೆ ಈ ಪತ್ರಿಕೆಯ ಒಂದು ಮುಖ್ಯ ಕೊರತೆಯನ್ನೂ ಹೇಳಬೇಕು. ಅಲ್ಲಿ ಬರೆದವರು ಅಧಿಕಾರಿಗಳು. ಸ್ಲೇಡ್ 'ಕಂಡುಹಿಡಿದ' ಸಂಗತಿಯನ್ನು ಬರ್ಮದ ಹಳ್ಳಿಗರೂ ಕರೆನ್ ಬುಡಕಟ್ಟಿನವರೂ ಪ್ರತಿ ಬೇಸಿಗೆಯಲ್ಲಿ ಕಾಡಿಗೆ ಬೆಂಕಿಯಿಟ್ಟು ಆಚರಿಸುತ್ತಲೇ ಇದ್ದರು. ನಮ್ಮ ಕುಮರಿ ಬೇಸಾಯವನ್ನು ಹೋಲುವ ಅವರ ಟೌಂಗ್ಯ ಪದ್ಧತಿಯನ್ನೇ ಬಳಸಿಕೊಂಡು ಇಲಾಖೆ ತೇಗದ ನೆಡುತೋಪುಗಳನ್ನು ಎಬ್ಬಿಸಿತು. ಅವರ ಹೆಸರುಗಳು ಲೇಖಕರ ಪಟ್ಟಿಯಲ್ಲಿಲ್ಲ. ಉಲ್ಲೇಖಗಳ ಎಣಿಕೆ ಎಷ್ಟೇ ಸೂಕ್ಷ್ಮವಾದರೂ ಬರೆಯದವನ ಜ್ಞಾನ ಅದರಲ್ಲಿ ಸಿಕ್ಕುವುದಿಲ್ಲ. ಇದೇ ಕಾರಣದಿಂದ ಈ ಸಂಪುಟಗಳಿಗೆ ಬಂದ ಅನಿರೀಕ್ಷಿತ ಓದುಗರು ಇತಿಹಾಸಕಾರರು. ರಾಮಚಂದ್ರ ಗುಹಾ ಹಿಮಾಲಯದ ರೈತರ ಪ್ರತಿಭಟನೆಗಳನ್ನು ಕುರಿತು ೧೯೮೯ರಲ್ಲಿಯೂ, ಮಾಧವ ಗಾಡ್ಗೀಳರೊಡನೆ ಭಾರತದ ಪರಿಸರ ಚರಿತ್ರೆಯನ್ನು ಕುರಿತು ೧೯೯೨ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಅರಣ್ಯಾಧಿಕಾರಿಗಳ ಬರಹಗಳನ್ನು ಅವರ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಿಸಿದ್ದಾರೆ. ಹಳ್ಳಿಗನ ಬೆಂಕಿಯನ್ನು ದೂರುವ ಅಧಿಕಾರಿ, ಆ ಬೆಂಕಿ ಯಾವಾಗ, ಎಲ್ಲಿ, ಏಕೆ ಹಚ್ಚಲ್ಪಟ್ಟಿತೆಂಬುದನ್ನು ತನಗರಿವಿಲ್ಲದೆ ದಾಖಲಿಸಿಬಿಡುತ್ತಾನೆ.

ಬರ್ಮದ ವಾದ ನೂರು ವರ್ಷಗಳ ಮೇಲೆ ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಮರುಹುಟ್ಟು ಪಡೆದುದು ಗಮನಾರ್ಹ. ೧೯೭೪ರಲ್ಲಿ ಅಲ್ಲಿ ವನ್ಯಧಾಮ ಘೋಷಿತವಾದ ಮೇಲೆ ಸೋಲಿಗರು ಕಾಡಿನ ನೆಲಕ್ಕೆ ಹಚ್ಚುತ್ತಿದ್ದ ತರಗುಬೆಂಕಿ ನಿಷಿದ್ಧವಾಯಿತು. ಆ ತೆಳುವಾದ ಬೆಂಕಿ ನಿಂತುದರಿಂದಲೇ ಲಂಟಾನ ಹಬ್ಬಿತು, ನೆಲ್ಲಿಯ ಮರಗಳ ಮೇಲೆ ಬದನಿಕೆ ಹೆಚ್ಚಿತು ಎಂಬುದು ಸೋಲಿಗರ ಅಭಿಪ್ರಾಯ. ಈ ಶತಮಾನದ ಸಂಶೋಧನಾ ಲೇಖನಗಳಲ್ಲಿ ಅವರ ಮಾತು ಅವರದೆಂದೇ ನಮೂದಾಗಿದೆ. ಸ್ಲೇಡನ ಕಾಲಕ್ಕೆ ಇದು ಸಾಧ್ಯವಿರಲಿಲ್ಲ.

ಕಡೆಯದಾಗಿ ಬಿದಿರಿನ ವಿಷಯ. ಬಿದಿರು ಹೂ ಬಿಟ್ಟರೆ ಬರ ಬರುವುದೆಂಬ ನಂಬಿಕೆ ನಮ್ಮಲ್ಲಿಯೂ ಉಂಟು. ಬರಗಾಲದಲ್ಲಿ ಬಿದಿರಕ್ಕಿಯನ್ನು ಉಂಡು ಬದುಕಿದವರ ನೆನಪೂ ಉಂಟು. ಅನೇಕ ಜಾತಿಯ ಬಿದಿರುಗಳು ಮೂವತ್ತು ನಲವತ್ತು ವರ್ಷಗಳಿಗೊಮ್ಮೆ ಸೀಮೆಗೆ ಸೀಮೆಯೇ ಒಟ್ಟಿಗೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತವೆ. ಒಬ್ಬ ಅಧಿಕಾರಿಯ ಸೇವಾವಧಿಯಲ್ಲಿ ಒಂದು ಜಾತಿ ಎರಡು ಬಾರಿ ಹೂ ಬಿಡುವುದನ್ನು ಕಾಣುವುದೇ ಅಪರೂಪ. ಆದರೆ ಇಂಥ ಕಡೆ, ಇಂಥ ವರ್ಷ, ಇಂಥ ಬಿದಿರು ಹೂ ಬಿಟ್ಟಿತೆಂದು ನಾಲ್ಕು ಸಾಲಿನ ಟಿಪ್ಪಣಿ ಕಳುಹಿಸುವ ರೂಢಿ 'ಇಂಡಿಯನ್ ಫಾರೆಸ್ಟರ್'ನಲ್ಲಿ ಬೆಳೆದುಬಂದಿತ್ತು. ೧೮೯೯ರಲ್ಲಿ ಬ್ರಾಂಡಿಸ್ ಅದೇ ಪತ್ರಿಕೆಯಲ್ಲಿ ಭಾರತದ ಬಿದಿರುಗಳ ಜೀವನವನ್ನು ಕುರಿತು ದೀರ್ಘವಾಗಿ ಬರೆದನು. ಅಮೆರಿಕದ ಪರಿಸರವಿಜ್ಞಾನಿ ಡೇನಿಯಲ್ ಜಾನ್ಜೆನ್ ೧೯೭೬ರಲ್ಲಿ, ಬೀಜ ತಿನ್ನುವ ಪ್ರಾಣಿಗಳ ಹೊಟ್ಟೆಗೆ ಮೀರುವಷ್ಟು ಬೀಜವನ್ನು ಒಮ್ಮೆಗೇ ಸುರಿಯುವುದರಿಂದ ಬಿದಿರಿನ ಸಂತತಿ ಉಳಿಯುತ್ತದೆಂಬ ತನ್ನ ಸಿದ್ಧಾಂತವನ್ನು ಮಂಡಿಸಿದಾಗ ಇಂಥ ಹಳೆಯ ಟಿಪ್ಪಣಿಗಳನ್ನೇ ಆಶ್ರಯಿಸಿದನು. ಟಿಪ್ಪಣಿ ಬರೆದವರಲ್ಲಿ ಬಹುಮಂದಿ ತೀರಿಹೋಗಿ ಅರ್ಧ ಶತಮಾನ ಕಳೆದಿತ್ತು.

ಮಿಜೋರಾಮಿನ ಮೂಲಿ ಬಿದಿರಿನ ಅವಧಿ ಸುಮಾರು ೪೮ ವರ್ಷ. ೧೯೧೧-೧೨ರಲ್ಲಿ ಅದು ಹೂ ಬಿಟ್ಟಿತ್ತು. ೧೯೫೮ರಲ್ಲಿ ಅಲ್ಲಿಯ ಜಿಲ್ಲಾ ಮಂಡಳಿ, ಮತ್ತೆ ಹೂವು ಬರಲಿದೆ, ಇಲಿಗಳು ಹೆಚ್ಚಿ ಬೆಳೆಯನ್ನು ತಿಂದುಹಾಕಲಿವೆ ಎಂದು ಎಚ್ಚರಿಸಿತು. ಅಸ್ಸಾಂ ಸರ್ಕಾರ ಅದನ್ನು ಗುಡ್ಡಗಾಡಿನವರ ಮೂಢನಂಬಿಕೆಯೆಂದು ತಳ್ಳಿಹಾಕಿತು. ೧೯೫೯ರಲ್ಲಿ ಕ್ಷಾಮ ಬಂದಿತು. ಕ್ಷಾಮನಿವಾರಣೆಗಾಗಿ ಹುಟ್ಟಿದ ಸಂಘ ೧೯೬೧ರಲ್ಲಿ ಮಿಜೋ ನ್ಯಾಷನಲ್ ಫ್ರಂಟ್ ಆಗಿ, ೧೯೬೬ರಲ್ಲಿ ಬಂಡಾಯವೆದ್ದು, ೧೯೮೬ರ ಒಪ್ಪಂದದವರೆಗೆ ಆ ನಾಡು ಶಾಂತಿ ಕಾಣಲಿಲ್ಲ. ೨೦೦೬-೦೭ರಲ್ಲಿ ಬಿದಿರು ಮತ್ತೊಮ್ಮೆ ಹೂ ಬಿಟ್ಟಾಗ ಸರ್ಕಾರಗಳು ಮುಂಚಿತವಾಗಿಯೇ ಬಿದಿರು ಕಡಿಸಲು, ಇಲಿಗಳನ್ನು ಹಿಡಿಸಲು, ಧಾನ್ಯ ಒದಗಿಸಲು ಯೋಜನೆ ಹಾಕಿದ್ದವು. ಬೆಳೆ ನಷ್ಟವಾಯಿತಾದರೂ ೧೯೫೯ರ ಸ್ಥಿತಿ ಮರುಕಳಿಸಲಿಲ್ಲ. ಅದೇ ಲೆಕ್ಕ ನಡೆದುಕೊಂಡು ಹೋದರೆ ಮೂಲಿ ಬಿದಿರು ಮುಂದೆ ಹೂ ಬಿಡುವುದು ೨೦೫೪ರ ಆಸುಪಾಸಿನಲ್ಲಿ.